ಕಾಗದದಲ್ಲಿ ನೀರಿನ ಮಾತಿರಲಿಲ್ಲ

ಏಪ್ರಿಲ್ ೧೯, ೧೯೪೪. ಬುಧವಾರ. ಸಾಲಿಗ್ರಾಮ

ಇಂಗ್ಲಿಷ್ ಶಬ್ದ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಇವರು ಮುಂಬಯಿಯಿಂದ ಕಳಿಸಿದ ಶಬ್ದಗಳಿವೆ. ಪ್ರತಿ ಕಾಗದದ ಕೊನೆಗೆ ಹತ್ತು ಶಬ್ದ. ನಿಘಂಟಿನಲ್ಲಿ ಅರ್ಥ ಹುಡುಕಿ, ಒಂದೊಂದಕ್ಕೂ ಒಂದು ವಾಕ್ಯ ಮಾಡಿ ನಾನು ಉತ್ತರ ಬರೆಯಬೇಕು. ಮಳೆಗಾಲ ಕಳೆದ ಮೇಲೆ ನನ್ನನ್ನು ಕರೆದುಕೊಂಡು ಹೋಗುತ್ತಾರಂತೆ. ಅಷ್ಟರಲ್ಲಿ ಬೀದಿಯ ಬೋರ್ಡು ಓದಲು ಬರಬೇಕಂತೆ. ಕುಂದಾಪುರದ ಶಾಲೆಯಲ್ಲಿ ಎಂಟನೆಯವರೆಗೆ ಕಲಿತದ್ದು ಮದುವೆಯಾದ ಈ ಮೂರು ವರ್ಷಗಳಲ್ಲಿ ಅರ್ಧ ಮರೆತುಹೋಗಿದೆ.

ಮಾವ ದೇವಸ್ಥಾನದ ಪರಿಚಾರಕ ಕೆಲಸ ಮುಗಿಸಿ ಬರುವುದು ಮಧ್ಯಾಹ್ನ ಒಂದು ಗಂಟೆಗೆ. ಇಂದು ಹನ್ನೊಂದಕ್ಕೇ ಬಂದರು. ಅಲ್ಲಿಗೆ ಬರುವ ಪತ್ರಿಕೆಯಲ್ಲಿ, ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದ ಸುದ್ದಿ ಇತ್ತಂತೆ. ಹೋದ ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ. ಎಷ್ಟು ಜನ ಹೋದರೆಂದು ಬರೆದಿಲ್ಲ. ಯುದ್ಧದ ಕಾಲ, ಎಲ್ಲವನ್ನೂ ಬರೆಯಲು ಬಿಡುವುದಿಲ್ಲವಂತೆ.

ಇವರು ಕೆಲಸಕ್ಕಿರುವುದು ಬಂದರಿನ ಹತ್ತಿರದ ಹತ್ತಿ ಗೋದಾಮಿನಲ್ಲಿ. ಮೂಟೆ ತೂಗಿಸಿ ಬರೆದುಕೊಳ್ಳುವ ಗುಮಾಸ್ತರು.

"ಅದ್ ಗಂಗೊಳ್ಳಿ ಬಂದರಿನ ಹಾಂಗಲ್ಲ, ಮೈಲುಗಟ್ಲೆ ಇತ್ತಂಬ್ರ್" ಎಂದು ಮಾವ ಅತ್ತೆಗೆ ಹೇಳಿದರು. "ಹಡಗ್ ಇದ್ದದ್ ಒಂದ್ ಬದಿ, ನಮ್ಮ ದಿನಕರ ಇಪ್ಪುದ್ ಇನ್ನೊಂದ್ ಬದಿ ಆಯ್ಕ್."

"ನೀವ್ ಹೋಯ್ ಕಂಡಿದ್ರ್ಯಾ?" ಎಂದು ಅತ್ತೆ ಕೇಳಿದರು.

ಮಾವ ಅಂಗಿ ತೆಗೆದು ಗೂಟಕ್ಕೆ ಹಾಕಿದರು. ಊಟಕ್ಕೆ ಏಳಲಿಲ್ಲ.

ಏಪ್ರಿಲ್ ೨೯

ಇವರಿರುವ ಚಾಳಿನಲ್ಲೇ ಇರುವ ಉಪ್ಪುಂದದ ಪ್ರೇಮಾನಂದ ಎಂಬವರ ಕಾಗದ ಬಂತು. ಕನ್ನಡದಲ್ಲಿಯೇ ಇದ್ದುದರಿಂದ ಮಾವನೇ ಓದಿದರು. ಆ ಶುಕ್ರವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದವರು ಕೋಣೆಗೆ ಬಂದಿಲ್ಲ. ಪ್ರೇಮಾನಂದ ಮೂರು ದಿನ ಆಸ್ಪತ್ರೆಗಳನ್ನೆಲ್ಲ ಸುತ್ತಿದ್ದಾರೆ. ಗಾಯಗೊಂಡವರನ್ನು ಊರ ಹೊರಗಿನ ಆಸ್ಪತ್ರೆಗಳಿಗೂ ಸಾಗಿಸಿದ್ದಾರಂತೆ, ಅಲ್ಲಿ ಇರಬಹುದು, ಧೈರ್ಯಗೆಡಬೇಡಿ ಎಂದಿದ್ದಾರೆ. ಗೋದಾಮಿದ್ದ ಬೀದಿಗೆ ಪೊಲೀಸರು ಯಾರನ್ನೂ ಬಿಡುತ್ತಿಲ್ಲ. ಇನ್ನೂ ಬೆಂಕಿ ಆರಿಲ್ಲ.

ಮಾವನ ಅಣ್ಣ ವಿಷ್ಣುಮೂರ್ತಿಯವರು ಪಕ್ಕದ ಹಿತ್ತಲಿನಲ್ಲಿರುತ್ತಾರೆ. ನಾನು ದೊಡ್ಡ ಮಾವ ಎನ್ನುವುದು. ಅವರಿಗೆ ಮಕ್ಕಳಿಲ್ಲ. ಇವರಿಗೆ ಸಂಧ್ಯಾವಂದನೆ, ಮಂತ್ರ ಎಲ್ಲ ಕಲಿಸಿದವರು ಅವರೇ. ಕಾಗದ ಓದಿ ಮುಗಿಯುವ ಮೊದಲೇ ಎದ್ದುಹೋದರು. ಆಮೇಲೆ ಬಾವಿಕಟ್ಟೆಯ ಹತ್ತಿರ ನಿಂತಿದ್ದುದನ್ನು ಅಡಿಗೆಮನೆಯ ಕಿಟಕಿಯಿಂದ ಕಂಡೆ. ನೀರು ಸೇದುತ್ತಿರಲಿಲ್ಲ, ಸುಮ್ಮನೆ ಹಗ್ಗ ಹಿಡಿದುಕೊಂಡಿದ್ದರು.

ಮೇ ೪

ಮಾವ ಕುಂದಾಪುರಕ್ಕೆ ಹೋಗಿ ವಕೀಲ ರಾಜೀವರಾಯರ ಹತ್ತಿರ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಮುಂಬಯಿಗೆ ಕಳಿಸಿ ಬಂದರು. ಕಾಣೆಯಾದವರ ವಿಷಯ ನೋಡುವುದಕ್ಕೆ ಒಂದು ಕಚೇರಿ ಮಾಡಿದ್ದಾರಂತೆ. ನಕಲನ್ನು ನನಗೆ ಕೊಟ್ಟರು, ಇಟ್ಟುಕೋ ಎಂದಷ್ಟೇ ಅಂದು. ಇವರ ಎತ್ತರ, ಬಣ್ಣ, ಎಡಗೈಯ ಮಚ್ಚೆ ಎಲ್ಲ ಅದರಲ್ಲಿದೆ. ಬಲಗಿವಿಯ ಹಿಂದೆ ಗಾಯದ ಗುರುತು ಇದೆ, ಅದನ್ನು ಬರೆಸಿಲ್ಲ. ಮಾವನಿಗೆ ಗೊತ್ತಿಲ್ಲವೇನೋ. ಹೇಳಲು ನಾಚಿಕೆಯಾಯಿತು.

ಮೇ ೨೦

ಟಪ್ಪಾಲಿನ ಕಿಟ್ಟ ಬಂದಿದ್ದ. ಪಕ್ಕದ ಮನೆಗೆ.

ಜೂನ್ ೫. ಸೋಮವಾರ

ಇಂದು ಉತ್ತರ ಬಂತು. ವಕೀಲರಿಗೆ ಕೋರ್ಟಿನ ರಜೆ, ಮದ್ರಾಸಿಗೆ ಹೋದವರು ಇನ್ನೂ ಬಂದಿಲ್ಲ. ಮಾವ ನನ್ನನ್ನು ಚಾವಡಿಗೆ ಕರೆದರು. ದೊಡ್ಡ ಮಾವನೂ ಇದ್ದರು. ಗಂಡಸರೆದುರು ಚಾವಡಿಯಲ್ಲಿ ನಾನು ಕುಳಿತದ್ದು ಇದೇ ಮೊದಲು. ಅಂಥ ಹೊತ್ತಿನಲ್ಲಿಯೂ ಒಳಗೊಳಗೆ ಸ್ವಲ್ಪ ಹೆಮ್ಮೆಯಾಯಿತು. ಅದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

ಟೈಪು ಮಾಡಿದ ನಾಲ್ಕೇ ಸಾಲು. ಒಂದು ಶಬ್ದ ಬಿಟ್ಟು ಉಳಿದವು ಹೆಚ್ಚುಕಡಿಮೆ ತಿಳಿದವು. ಆ ಶಬ್ದ ಇನಂಡೇಟೆಡ್. ಇವರು ಬಿಟ್ಟುಹೋದ ಕಿಸೆ ನಿಘಂಟನ್ನು ತಂದು ಹುಡುಕಿದೆ. ಇನಂಡೇಟ್ ಎಂದರೆ ನೆರೆಯಿಂದ ಮುಳುಗಿಸು, ಜಲಾವೃತ ಮಾಡು. ಅಷ್ಟೇ ಇತ್ತು.

"ಎಂತ ಬರ್ದಿರ್?" ಎಂದರು ದೊಡ್ಡ ಮಾವ.

"ಈ ಕಚೇರಿ ಮುಳುಗಿತ್ತಂಬ್ರ್. ವಿಚಾರಣೆ ನಡೀತಾ ಇತ್ತ್. ಸದ್ಯಕ್ಕೆ ಉತ್ತರದ ಆಸೆ ಇಟ್ಕಣ್ಬೇಡಿ ಅಂದೇಳಿ ಬರ್ದಿರ್" ಎಂದೆ.

"ಮುಳುಗಿತ್ತಾ?"

"ನೆರೆಯಗೆ."

ದೊಡ್ಡ ಮಾವ ನಿಧಾನವಾಗಿ ಹೇಳತೊಡಗಿದರು. ಅಷ್ಟು ದೊಡ್ಡ ಹಡಗು ಸಿಡಿದರೆ ಸಮುದ್ರ ಸುಮ್ಮನಿರುತ್ತದೆಯೇ, ಎದ್ದು ಊರಿನೊಳಗೆ ನುಗ್ಗಿರಬೇಕು. ಕಚೇರಿಯೇ ಮುಳುಗಿದೆ ಎಂದರೆ ಹಡಗು ನಿಲ್ಲುವ ದಕ್ಕೆಯ ಬಾಯಲ್ಲಿದ್ದ ಗೋದಾಮು ಉಳಿಯುತ್ತದೆಯೇ? ಮಾವನ ಕಡೆಗೆ ತಿರುಗಿದರು. "ಸರ್ಕಾರವೇ ಆಸೆ ಬಿಡಿ ಅಂತ್ ಬರ್ದಿತಲ್ಲ ಶಾಮ. ಇನ್ನ್ ಎಂತ ಹೇಳ್ಕ್ ಅವ್ರ್?"

ಅತ್ತೆ ಗೋಡೆ ಹಿಡಿದುಕೊಂಡು ಕೂತರು. ನಿಘಂಟು ನನ್ನ ಮಡಿಲಲ್ಲಿ ತೆರೆದುಕೊಂಡೇ ಇತ್ತು.

ಜೂನ್ ೭

ಪುರೋಹಿತರು ಬಂದಿದ್ದರು. ದೇಹ ಸಿಗದೆ ನೀರಿನಲ್ಲಿ ಹೋದವರಿಗೆ ದರ್ಭೆಯಲ್ಲಿ ಪ್ರತಿಮೆ ಮಾಡಿ ದಹನ ಮಾಡಬೇಕಂತೆ. ಜೂನ್ ೧೯ಕ್ಕೆ ನಿಶ್ಚಯವಾಯಿತು. ಸುದ್ದಿಯೇ ಇಲ್ಲದೆ ಕಾಣೆಯಾಗಿದ್ದರೆ ಹನ್ನೆರಡು ವರ್ಷ ಕಾಯಬಹುದಿತ್ತು, ಇಲ್ಲಿ ಕಾಗದವೇ ಬಂದಿದೆಯಲ್ಲ ಎಂದರು.

ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಹತ್ತನೆ ದಿನಕ್ಕೆ ಕುಷ್ಟನಿಗೆ ಹೇಳಿ ಇಡಿ" ಎಂದರು. ಕುಷ್ಟ ಈ ಮನೆಗೆ ಕ್ಷೌರಕ್ಕೆ ಬರುವವನು.

ಯಾಕೆ ಎಂದು ನನಗೆ ಕೂಡಲೇ ಹೊಳೆಯಲಿಲ್ಲ. ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು. ಬೂದಿ ಮೆತ್ತಿದ ಕೈಯಿಂದಲೇ ತುರುಬು ಹಿಡಿದುಕೊಂಡೆ.

ಜೂನ್ ೯

ಇವರು ಹೋದರು ಎಂಬುದು ನನ್ನ ಬಾಯಿಂದ ಬಂದ ಮಾತು. ಕಾಗದವನ್ನು ಮಾವ ದೇವರ ಗೂಡಿನಲ್ಲಿಟ್ಟಿದ್ದರು. ಎಲ್ಲರೂ ಮಲಗಿದ್ದ ಮಧ್ಯಾಹ್ನ ತೆಗೆದು ಮತ್ತೆ ಓದಿದೆ. ಹತ್ತು ಸಲ ಓದಿದೆ.

ಇನಂಡೇಟೆಡ್ ಆದ ಮೇಲೆ ವಿತ್ ಇದೆ. ಅದಾದ ಮೇಲೆ ಎನ್‌ಕ್ವೈರೀಸ್. ನಾನು ಆ ಸಣ್ಣ ಶಬ್ದವನ್ನು ನುಂಗಿಬಿಟ್ಟಿದ್ದೆ. ವಿತ್ ಎಂದರೆ 'ಇಂದ', 'ಜೊತೆಗೆ'. ವಿಚಾರಣೆಗಳಿಂದ ಮುಳುಗಿದೆ? ವಿಚಾರಣೆಯಲ್ಲಿ ಮುಳುಗುವುದು ಎಂದರೇನು?

ಇಡೀ ಕಾಗದದಲ್ಲಿ ನೀರು ಎಂಬ ಶಬ್ದವಿಲ್ಲ. ಸಮುದ್ರ ಇಲ್ಲ. ಕಾಗದವೂ ಒದ್ದೆಯಾಗಿ ಒಣಗಿದ್ದಲ್ಲ, ಗರಿಗರಿಯಾಗಿದೆ. ಮುಳುಗಿದ ಕಚೇರಿಯಲ್ಲಿ ಕೂತು ಯಾರು ಟೈಪು ಮಾಡುತ್ತಾರೆ? ಪ್ರೇಮಾನಂದರೂ ಬೆಂಕಿ ಎಂದೇ ಬರೆದಿದ್ದರು.

ನನಗೆ ತಪ್ಪಿರಬಹುದು. ಆಸೆಯಿಂದಲೂ ಹೀಗೆ ಕಾಣುತ್ತಿರಬಹುದು.

ಜೂನ್ ೧೦

ಅತ್ತೆಯ ಮೂಲಕ ಮಾವನಿಗೆ ಹೇಳಿಸಿದೆ. ಮಾವ ದೊಡ್ಡ ಮಾವನಿಗೆ ಹೇಳಿದರು. ಅವರು ಬಂದು ಚಾವಡಿಯಲ್ಲಿ ನಿಂತೇ ಕೇಳಿದರು. ನಾನು ಬಾಗಿಲ ಹಿಂದೆ ಇದ್ದೆ.

"ಅವತ್ತ್ ಮುಳುಗಿತ್ ಅಂದದ್ ಯಾರ್? ನೀನೇ ಅಲ್ದಾ? ಇವತ್ತ್ ಮುಳುಗ್ಲಿಲ್ಲೆ ಅಂತೆ. ತಲಿಕೂದ್ಲಿನ ಮಾತ್ ಬಂದ್ ಕೂಡ್ಲೆ ಇಂಗ್ಲಿಷ್ ಬದ್ಲಾಯ್ತಾ?"

ಆಮೇಲೆ ಅವರ ದನಿ ತಗ್ಗಿತು. "ಕಾಣ್ ಹೆಣ್ಣೆ, ನಂಗೆ ನಿನ್ನ ಮೇಲ್ ಸಿಟ್ಟಿಲ್ಲೆ. ಎರಡ್ ತಿಂಗ್ಳಾಯ್ತ್. ಮಾಣಿಗೆ ಒಂದ್ ಬೊಗಸೆ ನೀರ್ ಬಿಟ್ಟವ್ರಿಲ್ಲೆ. ಬಾಯಾರಿ ಅಲೀತಾ ಇರತ್ತ್ ಆ ಜೀವ. ನಂಗೆ ನಿದ್ದೆ ಬತ್ತಿಲ್ಲೆ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ನಾನು ಸಾವು ಎಂದು ಓದಿದಾಗ ಎಲ್ಲರೂ ನಂಬಿದರು. ಈಗ ಯಾರೂ ನಂಬುವುದಿಲ್ಲ. ಮಾವ ನೆಲ ನೋಡುತ್ತಿದ್ದರು. ಅಣ್ಣನೆದುರು ಮಾವ ಯಾವತ್ತೂ ನೆಲವನ್ನೇ ನೋಡುವುದು.

ಜೂನ್ ೧೨

ಅಕ್ಕಿ ಆರಿಸುತ್ತಿದ್ದಾಗ ಅತ್ತೆ ತಲೆ ಎತ್ತದೆ ಕೇಳಿದರು. "ಖರೆ ಹೇಳ್. ಆ ಕಾಗದದಗೆ ನೀರ್ ಅಂಬು ಶಬ್ದ ಇತ್ತಾ?"

"ಇಲ್ಲೆ ಅತ್ತೆ."

"ಸತ್ತ ಅಂಬು ಶಬ್ದ?"

"ಅದೂ ಇಲ್ಲೆ."

"ದೊಡ್ಡ ನಿಘಂಟ್ ಯಾರ್ ಹತ್ರ ಇತ್ತ್?"

ಕುಂದಾಪುರದಲ್ಲಿ ನನಗೆ ಕಲಿಸಿದ ಸೀತುಬಾಯಿ ಟೀಚರ ಹತ್ತಿರ ಇದೆ ಎಂದೆ. ಅತ್ತೆ ಮತ್ತೆ ಅಕ್ಕಿ ಆರಿಸಿದರು. ಸಂಜೆ ಮಾವನಿಗೆ, ಕುಂಭಾಶಿಯ ಗಣಪತಿಗೆ ಹರಕೆ ಇದೆ, ನಾಳೆ ನಾವಿಬ್ಬರೂ ಹೋಗಿ ಬರುತ್ತೇವೆ ಎಂದರು. ಅತ್ತೆ ಮಾವನ ಹತ್ತಿರ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಮಾವ, "ಕೊಡೆ ತಕಂಡ್ ಹೋಯ್ನಿ" ಎಂದರು. ಅವರಿಗೆ ಗೊತ್ತಾಗಿತ್ತು ಎಂದು ನನಗೆ ಅನಿಸುತ್ತದೆ.

ಜೂನ್ ೧೩. ಮಂಗಳವಾರ

ಬೆಳಿಗ್ಗೆಯಿಂದ ಮಳೆ. ಬಸ್ಸು ತೆಕ್ಕಟ್ಟೆಯಲ್ಲಿ ನಿಂತುಹೋಯಿತು. ಪೆಟ್ರೋಲು ಸಿಗದೆ ಈಗ ಎಲ್ಲ ಬಸ್ಸುಗಳೂ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತವೆ. ಇದ್ದಿಲು ಒದ್ದೆಯಾಗಿತ್ತು. ಕ್ಲೀನರು ಹಿಂದೆ ನಿಂತು ಗಾಳಿ ಊದುವ ಹಿಡಿಕೆ ತಿರುಗಿಸಿದ, ಹೊಗೆ ಎದ್ದಿತು, ಬಸ್ಸು ಏಳಲಿಲ್ಲ. ಮತ್ತೆ ಹೊರಡುವಷ್ಟರಲ್ಲಿ ಒಂದು ಗಂಟೆಯಾಯಿತು. ಕುಂಭಾಶಿ ಬಂದಾಗ ಅತ್ತೆ ಕೂತಲ್ಲಿಂದಲೇ ಗುಡ್ಡದ ಕಡೆಗೆ ಕೈಮುಗಿದರು, ಇಳಿಯಲಿಲ್ಲ.

ಟೀಚರು ಶಾಲೆಯಿಂದ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದರು. ನನ್ನ ಗುರುತು ಹಿಡಿದರು. ಅತ್ತೆ ಸೆರಗಿನಲ್ಲಿ ತಂದಿದ್ದ ಕಾಗದವನ್ನು ಓದಿದರು. ಆಮೇಲೆ ನನ್ನ ಮುಖ ನೋಡಿ, ಎರಡು ಕೈಯಲ್ಲಿ ಎತ್ತಬೇಕಾದಂಥ ನಿಘಂಟನ್ನು ತಂದು ಮೇಜಿನ ಮೇಲಿಟ್ಟು, "ನೀನೇ ಹುಡುಕ್" ಎಂದರು.

ಇನಂಡೇಟ್. ಮೊದಲ ಅರ್ಥ ನನಗೆ ಗೊತ್ತಿದ್ದದ್ದೇ. ಕೆಳಗೆ ಎರಡನೆಯದಿತ್ತು. ತಡೆಯಲಾರದಷ್ಟು ಬಂದು ಮೇಲೆ ಬೀಳುವುದು. ಕಾಗದಗಳು, ಅರ್ಜಿಗಳು, ಜನ.

"ನೆರೆ ಅಂದ್ರೆ ನೀರಿಂದೇ ಆಯ್ಕ್ ಅಂದೇಳಿ ಇಲ್ಲೆ, ಗೋಮತಿ" ಎಂದರು ಟೀಚರು. "ವಿತ್ ಇದ್ರೆ ಎಂತದ್ರ ನೆರೆ ಅಂದೇಳಿ ಅಲ್ಲೇ ಬರ್ದಿರ್ತ್ರ್. ಇಲ್ಲಿ ಕಾಗ್ದದ ನೆರೆ. ನಿಮ್ಮ ಹಾಂಗೆ ಕೇಳಿ ಬರ್ದವ್ರ್ ಅಷ್ಟ್ ಜನ ಇದ್ರ್. ಅದ್ಕೆ ಉತ್ತರ ತಡ ಆತ್ತ್ ಅಂದಿರ್, ಅಷ್ಟೇ."

ನನ್ನ ಕಣ್ಣಿನಿಂದ ನೀರು ಬಂತು. ಅತ್ತೆ ಅಳಲಿಲ್ಲ. ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಕೇಳಿದರು, "ಒಂದ್ ಕಚೇರಿ ಮುಳುಗುವಷ್ಟಾ? ಅಷ್ಟ್ ಜನ ಅಬ್ಬೆಯಕ್ಕಳ್ ಮಕ್ಕಳ್ನ ಹುಡ್ಕ್ತಾ ಇದ್ರಾ?"

ಟೀಚರು ಎಲೆ ಹಾಕಿ ಊಟಕ್ಕೆ ಕರೆದರು. ಅತ್ತೆ ಬೇರೆಯವರ ಮನೆಯಲ್ಲಿ ಉಣ್ಣುವುದಿಲ್ಲ, ಒಂದು ಬಾಳೆಹಣ್ಣು ತಿಂದರು. ಹೊರಡುವಾಗ ಟೀಚರು ಕನ್ನಡದಲ್ಲಿ ಅರ್ಥ ಬರೆದು ಕೆಳಗೆ ರುಜು ಹಾಕಿ ಕೊಟ್ಟರು. ನಾನು ಅವರ ಮೇಜಿನಲ್ಲೇ ಕೂತು ಆ ಕಚೇರಿಗೆ ಇನ್ನೊಂದು ಅರ್ಜಿ ಬರೆದೆ. ಬಲಗಿವಿಯ ಹಿಂದಿನ ಗಾಯವನ್ನೂ ಬರೆದೆ. ಟೀಚರು ಎರಡು ಕಡೆ ತಿದ್ದಿದರು.

ಜೂನ್ ೧೪

ಮಾವ ಟೀಚರ ಚೀಟಿಯನ್ನು ದೊಡ್ಡ ಮಾವನಿಗೆ ಓದಿ ಹೇಳಿದರು. "ಹೆಂಗಸ್ರ್ ಬರ್ದ್ ಚೀಟಿ" ಎಂದರು ಅವರು. ಮಾವ ಅದನ್ನು ಮಡಚಿ ದೇವರ ಗೂಡಿನಲ್ಲಿ ಆ ಕಾಗದದ ಜೊತೆ ಇಟ್ಟರು. ಹತ್ತೊಂಬತ್ತರ ಮಾತು ಎತ್ತಲಿಲ್ಲ. ಪುರೋಹಿತರಿಗೆ ದರ್ಭೆ ತರಬೇಡಿ ಎಂದು ಹೇಳಿಕಳಿಸಿದರು. 

ಜೂನ್ ೨೧

ಮೊನ್ನೆ ಹತ್ತೊಂಬತ್ತರಂದು ದೊಡ್ಡ ಮಾವ ಒಬ್ಬರೇ ಕೋಡಿಯವರೆಗೆ ನಡೆದು ಸಮುದ್ರಸ್ನಾನ ಮಾಡಿ ಬಂದರಂತೆ.

ಜುಲೈ ೧೧

ಗದ್ದೆ ಯಾವುದು, ತೋಡು ಯಾವುದು ತಿಳಿಯದಷ್ಟು ನೀರು. ಮಾಬುಕಳದಲ್ಲಿ ದೋಣಿ ಬಿಡುತ್ತಿಲ್ಲ, ಬ್ರಹ್ಮಾವರದ ಕಡೆಯ ಟಪ್ಪಾಲು ನಾಲ್ಕು ದಿನದಿಂದ ಬಂದಿಲ್ಲ. ಇವರು ಎಲ್ಲಾದರೂ ಇದ್ದರೆ ಒಂದು ಸಾಲು ಬರೆಯದೆ ಇರುತ್ತಾರೆಯೇ? ಕೈಗೆ ಪೆಟ್ಟಾಗಿದ್ದರೆ? ಇನ್ನೊಬ್ಬರ ಹತ್ತಿರ ಬರೆಸಬಹುದಲ್ಲ. ನೆನಪೇ ಹೋಗಿದ್ದರೆ?

ಬೆಳಿಗ್ಗೆ ಒಂದು ಯೋಚನೆ, ಮಧ್ಯಾಹ್ನ ಇನ್ನೊಂದು. ಯಾವುದಕ್ಕೂ ನಾನು ಮಾಡುವುದು ಏನೂ ಇಲ್ಲ.

ಜುಲೈ ೨೬

ಏನೂ ಇಲ್ಲ.

ಆಗಸ್ಟ್ ೨೧. ಸೋಮವಾರ

ಕಿಟ್ಟ ಇಂದು ಕಾಗದವನ್ನು ಜಗುಲಿಯಲ್ಲಿಡದೆ, "ಹ್ವಾಯ್, ಗೋಮತಿಯಮ್ಮ" ಎಂದು ಕರೆದು ನನ್ನ ಕೈಗೇ ಕೊಟ್ಟ. ಅರ್ಜಿ ನನ್ನ ಹೆಸರಿನಲ್ಲಿತ್ತಲ್ಲ.

ಮಾವ, ಅತ್ತೆ, ದೊಡ್ಡ ಮಾವ ಮೂವರೂ ಚಾವಡಿಗೆ ಬಂದರು. ನಾನು ಮನಸ್ಸಿನಲ್ಲೇ ಒಂದು ಸಲ ಓದಿದೆ. ಇನ್ನೊಂದು ಸಲ ಓದಿದೆ. ಇದರಲ್ಲಿ ಕಷ್ಟದ ಶಬ್ದ ಒಂದೂ ಇರಲಿಲ್ಲ. ನಿಘಂಟು ಬೇಕಾಗಲಿಲ್ಲ.

ತಲೆ ಎತ್ತಿದಾಗ ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಈ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಇನ್ನೂ ಹುಡುಕುತ್ತಿದ್ದಾರೆ ಎಂದರೆ ಹುಡುಕುತ್ತಿದ್ದಾರೆ. ಆಸ್ಪತ್ರೆಯಲ್ಲಿದ್ದಾರೆ ಎಂದರೆ ಆಸ್ಪತ್ರೆಯಲ್ಲಿದ್ದಾರೆ. ಅತ್ತೆಯ ಮುಖ ನೋಡಿದೆ. ಏನೋ ಒಂದು ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

"ಇದ್ದದ್ ಇದ್ದಾಂಗೆ ಹೇಳ್, ಮಗಾ" ಎಂದರು ಅತ್ತೆ.

"ಸಾಲಿಗ್ರಾಮದ ಶಾಮರಾಯರ ಮಗ ದಿನಕರ" ಎಂದು ಓದಿದೆ. ಗಂಡನ ಹೆಸರು ಹೇಳಬಾರದೆಂದು ಹಿಂದಿನ ಸಲ ಹೆಸರು ಬಂದಲ್ಲಿ 'ನಿಮ್ಮ ಮಗ' ಎಂದು ಓದಿದ್ದೆ. ಇಂದು ಹಾಗೆ ಓದಲಾಗಲಿಲ್ಲ. "ಏಪ್ರಿಲ್ ೧೭ಕ್ಕೆ ಗೋದಾಮಿನ ಗೋಡೆ ಕುಸಿದಲ್ಲಿ ಒಂಬತ್ತು ಜನ ಸಿಕ್ಕಿರ್. ಅದ್ರಗೆ ಒಬ್ರ ಸೊಂಟದಗೆ ಬಂದರಿಗೆ ಹೋಪುಕೆ ಕೊಡು ಹಿತ್ತಾಳೆ ಬಿಲ್ಲೆ ಇದ್ದಿತ್. ಬಿಲ್ಲೆ ನಂಬ್ರ ಗೋದಾಮಿನ ಪುಸ್ತಕದಗೆ ದಿನಕರನ ಹೆಸ್ರಿಗೆ ಇತ್ತ್. ಬಲಗಿವಿ ಹಿಂದ್ ಗಾಯ ಇದ್ದಿತ್ ಅಂದೇಳಿ ಆಸ್ಪತ್ರೆಯವ್ರ್ ಬರ್ದ್ ಇಟ್ಟಿದ್ರ್. ಒಂಬತ್ತು ಜನಕ್ಕೂ ಅದೇ ದಿನ ಅಲ್ಲೇ ದಹನ ಮಾಡಿರ್."

"ಬೆಂಕಿಯಗೆ ಹೋದ್ನಾ, ನೀರಗೆ ಹೋದ್ನಾ?" ಎಂದು ದೊಡ್ಡ ಮಾವ ಕೇಳಿದರು.

"ಎರಡೂ ಅಲ್ಲ. ಗೋಡೆ ಅಡಿಗೆ."

ಅವರು ನೆಲದ ಮೇಲೆ ಕೂತುಬಿಟ್ಟರು. ಮಗುವಿನ ಹಾಗೆ ಅತ್ತರು. ಮಾವ ಹೋಗಿ ಅಣ್ಣನ ಭುಜ ಹಿಡಿದುಕೊಂಡರು.

ಬಿಲ್ಲೆ ಇನ್ನೊಬ್ಬರ ಸೊಂಟದಲ್ಲಿತ್ತು ಎಂದುಕೊಳ್ಳಬಹುದಿತ್ತು. ಆ ಗಾಯದ ಗುರುತನ್ನು ನಾನು ಬರೆಯದಿದ್ದರೆ ಇನ್ನೂ ಕಾಯುತ್ತಿರಬಹುದಿತ್ತು.

ಆಗಸ್ಟ್ ೩೦

ಕಾಗದ ಬಂದ ದಿನದಿಂದ ಎಣಿಸಿ ಇಂದು ಹತ್ತನೆಯ ದಿನ. ಬಳೆ ಒಡೆದರು. ಕುಂಕುಮ ಒರೆಸಿದವರು ದೂರದ ಯಾರೋ ಹೆಂಗಸು, ಅವರ ಬೆರಳು ತಣ್ಣಗಿತ್ತು.

ಕುಷ್ಟ ಬೆಳಿಗ್ಗೆಯೇ ಬಂದು ಹಿತ್ತಲ ಕಡೆ ಹಲಸಿನ ಮರದಡಿ ತನ್ನ ಚೀಲ ಬಿಚ್ಚಿ ಕೂತಿದ್ದ. ಒದ್ದೆ ಸೀರೆಯಲ್ಲಿ ನನ್ನನ್ನು ಹಿಂಬಾಗಿಲಲ್ಲಿ ಕೂರಿಸಿದ್ದರು. ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಆಗಲಿ ಎನ್ನುವ ಮನಸ್ಸೂ ಬರಲಿಲ್ಲ.

ಮಾವ ನನ್ನ ಪಕ್ಕದಲ್ಲೇ ಮೆಟ್ಟಿಲಿಳಿದು ಮರದ ಹತ್ತಿರ ಹೋದರು.

"ಕುಷ್ಟ, ಇವತ್ತ್ ಹೋಗ್. ಬೇಕಾರೆ ಹೇಳಿ ಕಳಸ್ತೆ."

"ಇವತ್ತೇ ಅಲ್ದಾ ಆಯ್ಕ್ ಅಂದದ್, ಅಯ್ಯ?"

"ಹೇಳಿ ಕಳಸ್ತೆ ಅಂದೆ."

ಕುಷ್ಟ ಚೀಲ ಕಟ್ಟಿಕೊಂಡ. ಪುರೋಹಿತರು ಏನೋ ಹೇಳಹೊರಟರು. ಮಾವ ಅವರ ಕಡೆಗೂ ನೋಡಲಿಲ್ಲ, ಎಂದಿನಂತೆ ನೆಲ ನೋಡುತ್ತಲೇ ಒಳಗೆ ಹೋದರು. ದೊಡ್ಡ ಮಾವ ಊಟಕ್ಕೆ ನಿಲ್ಲದೆ ತಮ್ಮ ಮನೆಗೆ ಹೋದರು.

ಸೆಪ್ಟೆಂಬರ್ ೧೪

ಕುಷ್ಟ ದಾರಿಯಲ್ಲಿ ಸಿಕ್ಕಿ ಮಾವನನ್ನು ಕೇಳಿದನಂತೆ. ಇನ್ನೂ ಹೇಳಿಕಳಿಸಲಿಲ್ಲವಲ್ಲ ಎಂದರಂತೆ ಮಾವ. ದೇವಸ್ಥಾನದಲ್ಲಿ ಒಬ್ಬಿಬ್ಬರು ಮಾವನ ಕೈಯಿಂದ ತೀರ್ಥ ತೆಗೆದುಕೊಳ್ಳುತ್ತಿಲ್ಲ. ಮಾವ ಮನೆಯಲ್ಲಿ ಅದನ್ನು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ನನ್ನಿಂದ ಆದದ್ದು. ಏನು ಮಾಡಲಿ?

ಕೋಟದಿಂದ ಅಮ್ಮಣ್ಣಿ ಎಂಬ ಮುದುಕಿ ಬಂದಿದ್ದಳು. ಅವಳ ಮಗ ಪಟಾಲಮ್ಮಿಗೆ ಸೇರಿ ಯುದ್ಧಕ್ಕೆ ಹೋದವನು. ಇಂಗ್ಲಿಷ್ ಕಾಗದ ಒಂದು ತಿಂಗಳಿನಿಂದ ಸೆರಗಿನಲ್ಲಿ ಕಟ್ಟಿಕೊಂಡೇ ಇದ್ದಾಳೆ, ಯಾರ ಹತ್ತಿರವೂ ಓದಿಸಿಲ್ಲ, ಹೆದರಿಕೆ. ಕೂರಿಸಿ ಎರಡು ಸಲ ನಾನೇ ಓದಿಕೊಂಡು ಆಮೇಲೆ ಹೇಳಿದೆ. ಮಗನಿಗೆ ಜ್ವರ ಬಂದು ವಾಸಿಯಾಗಿದೆ, ಅಷ್ಟೇ. ಅವಳು ನನ್ನ ಕಾಲು ಮುಟ್ಟಲು ಬಂದಳು. ದಿನಕರ ಇದ್ದಿದ್ದರೆ ನಗುತ್ತಿದ್ದ.

ಅಕ್ಟೋಬರ್ ೪

ಹತ್ತನೆಯ ದಿನದ ಮೇಲೆ ನಾನು ತಲೆ ಬಾಚಿಕೊಂಡಿರಲಿಲ್ಲ. ಬಾಚಬಹುದೇ ಎಂದು ಕೇಳುವುದು ಯಾರನ್ನು? ಇಂದು ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಅತ್ತೆ ಎಣ್ಣೆಯ ಗಿಂಡಿ ಹಿಡಿದುಕೊಂಡು ಜಗುಲಿಗೆ ಬಂದು, "ಬಾ ಇಲ್ಲಿ, ಕೂಕೋ" ಎಂದರು.

"ಅತ್ತೆ, ಬ್ಯಾಡ. ಯಾರಾದ್ರೂ ಕಂಡ್ರೆ..."

"ಕೂಕೋ ಅಂದೆ. ಹೀಂಗೇ ಬಿಟ್ರೆ ಕುಷ್ಟನೇ ಬ್ಯಾಡ, ತನ್ನಷ್ಟಕ್ಕೇ ಉದ್ರತ್ತ್ ಇದ್."

ಕೂದಲು ಹಗ್ಗದ ಹಾಗೆ ಸಿಕ್ಕುಗಟ್ಟಿತ್ತು. ಬೊಗಸೆ ಎಣ್ಣೆ ಸುರಿದು ಒಂದೊಂದೇ ಎಳೆ ಬಿಡಿಸಿದರು. ನೋವಾಗುತ್ತಿತ್ತು. ಸಾಕು ಎನ್ನಲಿಲ್ಲ. ನಡುವೆ ಅವರ ಕೈ ನಿಲ್ಲುತ್ತಿತ್ತು, ಮೂಗು ಎಳೆದುಕೊಂಡದ್ದು ಕೇಳುತ್ತಿತ್ತು, ಮತ್ತೆ ಬಿಡಿಸುತ್ತಿದ್ದರು.

ಅರ್ಧ ಆಗಿತ್ತು. ದೊಡ್ಡ ಮಾವ ಅಂಗಳಕ್ಕೆ ಬಂದರು. ಒಂದು ತಿಂಗಳ ಮೇಲೆ ಈ ಕಡೆಗೆ ಕಾಲಿಟ್ಟದ್ದು. ಅವರು ಬಂದರೆ ಅತ್ತೆ ಏನೇ ಕೆಲಸವಿದ್ದರೂ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುವುದು ವಾಡಿಕೆ. ನಾನು ಏಳಹೊರಟೆ. ಅತ್ತೆ ನನ್ನ ಜಡೆಯನ್ನು ಕೈಗೆ ಸುತ್ತಿ ಹಿಡಿದರು.

ದೊಡ್ಡ ಮಾವ ತುಳಸಿಕಟ್ಟೆಯ ಹತ್ತಿರ ನಿಂತು ನಮ್ಮಿಬ್ಬರನ್ನೂ ನೋಡಿದರು.

"ಬನ್ನಿ ಭಾವಯ್ಯ, ಕೂಕಣಿ" ಎಂದರು ಅತ್ತೆ. "ನನ್ನ ಕೈಯೆಲ್ಲ ಎಣ್ಣೆ. ಏಳುಕೆ ಆತಿಲ್ಲೆ."